ಲೋಹ ಎದ್ದರೆ ಲಗ್ನ

ಸಮಸ್ತ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಾಸಿಕದ ಪಂಚವಟಿಯಲ್ಲಿರುವ ವೈದ್ಯ ವಿಶ್ವನಾಥಪ್ಪನವರ ಔಷಧಿ ಅಂಗಡಿಯ ಬೋರ್ಡಿಗೆ ಸಾವಿರದ ಒಂಬೈನೂರ ಅರವತ್ತೆಂಟನೇ ಇಸವಿಯ ಶ್ರಾವಣ ಸೋಮವಾರದ ಶುಭ ಮುಹೂರ್ತದಲ್ಲಿ ಒಂದು ಹೊಸ ಶಬ್ದವನ್ನು ಸೇರಿಸಲಾಯಿತು. ಸದರಿ ಶಬ್ದಕ್ಕೆ ಆರತಿ ಎತ್ತಲಾಯಿತು, ಕಾಯಿ ಒಡೆಯಲಾಯಿತು, ಬಂದವರಿಗೆ ಪೇಢೆ ಹಂಚಲಾಯಿತು. ಶಬ್ದ ಯಾವುದಪ್ಪಾ ಅಂದ್ರೆ, ಅಪುನರ್ಭವ.

ಅಂದ್ರೆ, ಮತ್ತೆ ಹುಟ್ಟಿ ಬರಲಾರದ್ದು. ವಿಶ್ವನಾಥಪ್ಪನವರು ಕಬ್ಬಿಣವನ್ನು ಸುಡ್ತಿದ್ರು, ಕಷಾಯದಲ್ಲಿ ಅದ್ದುತಿದ್ರು, ಅರೀತಿದ್ರು, ಮತ್ತೆ ಸುಡ್ತಿದ್ರು. ಪಾಪ, ಕಬ್ಬಿಣಕ್ಕೆ ಜೀವನವೇ ಬೇಸರ ಬಂದು ಕೆಂಪನೆ ಪುಡಿಯಾಗಿ ಬಾಟ್ಲಿಯಲ್ಲಿ ಕೂತುಬಿಡ್ತಿತ್ತು. ಅದೇ ಲೋಹಭಸ್ಮ. ಮೈಯಲ್ಲಿ ರಕ್ತ ಕಮ್ಮಿ ಆದವರಿಗೆ ಜೇನಿನಲ್ಲಿ ಕಲಸಿ ಕೊಡೋದು. ಭಸ್ಮ ಪಕ್ಕಾ ಆಗಿದ್ರೆ ಅದು ಯಾವ ಕಾಲಕ್ಕೂ ತಿರುಗಿ ಕಬ್ಬಿಣ ಆಗೋದಿಲ್ಲ, ಕಬ್ಬಿಣಕ್ಕೆ ಮೋಕ್ಷ ಸಿಕ್ಕಿತು ಅಂತ ಅರ್ಥ. ಹಾಗೆ ಮೋಕ್ಷ ಕೊಡಿಸೋ ವೈದ್ಯರು ಇಡೀ ಜಿಲ್ಲೆಯಲ್ಲಿ ತಾವೊಬ್ಬರೇ ಅಂತ ವಿಶ್ವನಾಥಪ್ಪನವರ ನಂಬಿಕೆ.

ಆದರೆ ಬೋರ್ಡು ಬರೆದ ಮರಾಠಿ ಪೇಂಟರಿಗೆ ಮೋಕ್ಷದಲ್ಲಿ ಆಸಕ್ತಿ ಇರಲಿಲ್ಲ. 'ಭ' ಅಕ್ಷರದ ಮುಂದೆ ಒಂದು ಕೋಲು ಜಾಸ್ತಿ ಎಳೆದುಬಿಟ್ಟ. ಮರಾಠಿಯಲ್ಲಿ ಒಂದು ಕೋಲು ಬಿದ್ದರೆ ಸಾಕು, ಭವ ಹೋಗಿ ಭಾವ ಆಗುತ್ತೆ. ಭಾವ ಅಂದ್ರೆ ದರ. ಹಾಗಾಗಿ ಪಂಚವಟಿಯ ಜನ ಓದಿಕೊಂಡದ್ದು, 'ಇಲ್ಲಿ ಎರಡನೇ ಸಲ ದರ ಹೇಳುವುದಿಲ್ಲ' ಅಂತ. ಆವತ್ತಿನಿಂದ ಅಂಗಡಿಯಲ್ಲಿ ಒಬ್ಬರೂ ಚೌಕಾಸಿ ಮಾಡಲಿಲ್ಲ. ವಿಶ್ವನಾಥಪ್ಪನವರು ಇದೂ ಭಸ್ಮದ ಮಹಿಮೆ ಅಂದುಕೊಂಡರು.

ಇಂಥ ಮೋಕ್ಷದಾತರ ಮನೆಗೆ ಹೆಣ್ಣು ಕೇಳೋಕೆ ಬಂದವನು ನಮ್ಮ ವೈಜನಾಥ.

ಬೀದರದ ಹುಡುಗ. ಈಗ ಛತ್ರಪತಿ ಸಂಭಾಜಿನಗರ ಅಂತ ಹೆಸರಾಗಿರೋ, ಆಗ ಎಲ್ಲರೂ ಔರಂಗಾಬಾದ ಅಂತಿದ್ದ ಊರಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಡೆಮಾನ್‌ಸ್ಟ್ರೇಟರು. ವಿಶ್ವನಾಥಪ್ಪನವರ ಮಗಳು ಸುಗುಣಾ ಸೋದರತ್ತೆ ನಾಗಮ್ಮನ ಮನೆಯಲ್ಲಿದ್ದುಕೊಂಡು ಅದೇ ಕಾಲೇಜಿನಲ್ಲಿ ಇಂಟರ್ ಓದಿದ್ದಳು. ಒಂದು ದಿನ ಪ್ರ್ಯಾಕ್ಟಿಕಲ್ಲಿನಲ್ಲಿ ವೈಜನಾಥ ಕಪ್ಪು ತಾಮ್ರದ ಆಕ್ಸೈಡಿಗೆ ಇದ್ದಿಲ ಪುಡಿ ಬೆರೆಸಿ ಕಾಯಿಸಿ, ಕೆಂಪಗೆ ಹೊಳೆಯೋ ತಾಮ್ರ ತೆಗೆದು ತೋರಿಸಿದ್ದ. ಹುಡುಗರೆಲ್ಲ ಆಕಳಿಸಿದ್ರು. ಸುಗುಣಾ ಮಾತ್ರ ಎದ್ದು ನಿಂತು ಕೇಳಿದ್ದಳು, "ಸರ್, ನಮ್ಮ ಅಪ್ಪಾ ಲೋಹಾ ಸುಟ್ಟು ಭಸ್ಮ ಮಾಡ್ತಾರ. ನೀವು ಭಸ್ಮದಿಂದ ಲೋಹಾ ಮಾಡ್ತೀರಿ. ಇಬ್ಬರೂ ಒಂದs ಮನ್ಯಾಗ ಇದ್ರ ಏನಾಗ್ತದ್ರಿ?"

"ಏನೂ ಆಗೂದಿಲ್ಲ. ಇದ್ದದ್ದು ಇದ್ದಲ್ಲೇ ಬರ್ತದ," ಅಂದಿದ್ದ ವೈಜನಾಥ. ಇದ್ದದ್ದು ಇದ್ದಲ್ಲೇ ಬರಲಿಲ್ಲ. ಅವನ ಮನಸ್ಸು ಆವತ್ತು ಹೋದದ್ದು ತಿರುಗಿ ಬರಲೇ ಇಲ್ಲ.

ಈಗ ನಾಸಿಕಕ್ಕೆ ಬಂದಿದ್ದಾನೆ. ಜೊತೆಗೆ ಒಬ್ಬರು ಹಿರಿಯರು ಬೇಕಲ್ಲ? ಬೆಳಗ್ಗೆ ಉಪ್ಪಿಟ್ಟು ತಿಂದ ಹೋಟೆಲಿನ ಮಾಲೀಕರು, ಉಡುಪಿ ಕಡೆಯ ರತ್ನಾಕರ ರಾಯರು, ಹುಡುಗ ಕನ್ನಡ ಮಾತಾಡಿದ್ದೇ ತಡ ವಿಷಯವೆಲ್ಲ ಕೆದಕಿ ತಿಳಕೊಂಡು, ಗಲ್ಲಾ ಹೆಂಡತಿಗೆ ಬಿಟ್ಟು ಹೊರಟೇಬಿಟ್ಟರು. ಊರಿನ ಹೆಸರೇ ನಾಸಿಕ, ಇಲ್ಲಿ ಮೂಗು ತೂರಿಸದಿದ್ರೆ ಊರಿಗೇ ಅವಮಾನ. ಅಲ್ಲದೆ ರತ್ನಾಕರ ರಾಯರು ಅಲ್ಲಿನ ಕನ್ನಡ ಸಂಘದ ಅಧ್ಯಕ್ಷರು. ಸಂಘ ಸೇರೋದು ಅವರ ಹೋಟೆಲಿನ ಹಿತ್ತಲಲ್ಲಿ, ಕಾಫಿ ಅವರದೇ, ಹಾಗಾಗಿ ಚುನಾವಣೆಯ ಪ್ರಶ್ನೆಯೇ ಇಲ್ಲ.

ವಿಶ್ವನಾಥಪ್ಪನವರು ಹುಡುಗನ ಹಣೆಯ ವಿಭೂತಿ ನೋಡಿ ಸಮಾಧಾನಪಟ್ಟು ಕೇಳಿದರು, "ಏನ್ ಕೆಲಸಾ ತಮ್ಮಾ?"

"ಕೆಮಿಸ್ಟ್ರಿ ರೀ. ಆಕ್ಸೈಡಿನಿಂದ ಲೋಹಾ ತಗಿಯೂದು ತೋರಸ್ತೀನ್ರಿ. ಅದಕ್ಕ ರಿಡ್ಯೂಸಿಂಗ್ ಏಜೆಂಟ್ ಬೇಕಾಗ್ತದ್ರಿ."

"ಏಜೆಂಟ?" ವಿಶ್ವನಾಥಪ್ಪನವರ ಮುಖ ಕಷಾಯ ಕುಡಿದಂಗಾಯ್ತು. "ವಿಮಾ ಏಜೆಂಟನ್ನ ನೋಡೀನಿ. ಸ್ಟ್ಯಾಂಡಿನಾಗ ಟ್ರಂಕಿಗೆ ಕೈ ಹಾಕೋ ಲಾಡ್ಜಿನ ಏಜೆಂಟನ್ನ ನೋಡೀನಿ. ಇದ್ಯಾವ ಏಜೆನ್ಸಿನಪ್ಪಾ?"

"ರಿಡ್ಯೂಸ್ ಅಂದ್ರೆ ಮೈ ಇಳಿಸೋದು ಮಾರಾಯ್ರೆ," ಅಂತ ರತ್ನಾಕರ ರಾಯರು ಹೊಟ್ಟೆ ಸವರಿಕೊಂಡರು. "ನಂಗೆ ಡಾಕ್ಟ್ರು ಹೇಳಿ ಎರಡು ವರ್ಷ ಆಯ್ತು. ಏಜೆಂಟ್ ಉಂಟು ಅಂತ ಗೊತ್ತಿರ್ಲಿಲ್ಲ."

"ಇಲ್ರಿ, ಇಲ್ರಿ," ಅಂತ ವೈಜನಾಥ ಬೆವತ. "ಈಗ ಕಬ್ಬಣ ಅದ ಅಂತ ತಿಳೀರಿ. ಅದನ್ನ ಆಮ್ಲಜನಕ ಗಟ್ಟಿ ಅಪ್ಪಿಕೊಂಡಿರ್ತದ. ಬಿಡು ಅಂದ್ರ ಬಿಡೂದಿಲ್ಲ. ಅದಕ್ಕ ಕಬ್ಬಣಕ್ಕಿಂತಾ ಹೆಚ್ಚಿಗಿ ಮನಸಿಗಿ ಬರೋವಂಥಾದ್ದು ಇನ್ನೊಂದು ತೋರಸಬೇಕು. ಅದು ಕಬ್ಬಣ ಬಿಟ್ಟು ಇದರ ಬೆನ್ನ ಹತ್ತತದ. ಕಬ್ಬಣ ಒಂದs ಉಳೀತದ. ಹಂಗ ಬೆನ್ನ ಹತ್ತಿಸಿಕೊಂಡು ಹೋಗೂದಕ್ಕ ಏಜೆಂಟ್ ಅಂತಾರ್ರಿ."

ವಿಶ್ವನಾಥಪ್ಪನವರು ಕೂತಲ್ಲೇ ಮುಂದಕ್ಕೆ ಬಾಗಿದರು. "ಅಂದ್ರ ಕೂಡಿದ ಸಂಸಾರಾ ಒಡಿಯೂದು! ನನ್ನ ಮಗಳನ್ನ ಕೇಳಲಿಕ್ಕ ಬಂದೀಯೋ, ಯಾರದರ ಮನಿ ಮುರೀಲಿಕ್ಕ ಬಂದೀಯೋ?"

ಬಾಗಿಲ ಹಿಂದೆ ಬಳೆಗಳು ಕಿಲಕಿಲ ನಕ್ಕವು. ಬಳೆ ನಕ್ಕ ಸದ್ದಿಗೆ ವೈಜನಾಥನಿಗೆ ಧೈರ್ಯ ಬಂತು. ಬರಬಾರದಿತ್ತು. ಮಾತು ಬದಲಿಸೋಣ ಅಂತ ಶೆಲ್ಫಿನ ಮೇಲಿದ್ದ ಕೆಂಪು ಬಾಟ್ಲಿ ತೋರಿಸಿ, "ಇದೂ ಆಕ್ಸೈಡs ರೀ. ಬೇಕಂದ್ರ ಇದನ್ನೂ ತಿರುಗಿ ಎಬ್ಬಿಸಬಹುದು," ಅಂದುಬಿಟ್ಟ.

ಬಾಟ್ಲಿಯ ಮೇಲೆ ಬರೆದದ್ದು: ಲೋಹಭಸ್ಮ.

ವಿಶ್ವನಾಥಪ್ಪನವರು ಎದ್ದು ನಿಂತರು. ಅವರು ಎದ್ದ ರಭಸಕ್ಕೆ ಶೆಲ್ಫಿನ ಚೂರ್ಣಗಳೆಲ್ಲ ಅಲ್ಲಾಡಿದವು. "ಏನಂದಿ? ನನ್ನ ಭಸ್ಮಾ ಎಬ್ಬಿಸ್ತಿ? ಅದು ಮುಕ್ತ ಆಗಿ ಕೂತದ! ರತ್ನಾಕರರs, ನೀವs ಸಾಕ್ಷಿ. ಬರೂ ಐತವಾರ, ಸಂಘದ ಹಿತ್ತಲದಾಗ, ಎಲ್ಲಾರ ಮುಂದ. ಮೂಸಿಯಾಗ ಈ ಭಸ್ಮಾ ಹಾಕೂದು. ಮ್ಯಾಲ ಶಾಸ್ತ್ರದಾಗ ಹೇಳಿದಂಗ ಮಿತ್ರಪಂಚಕ ಹಾಕೂದು. ಊದೂದು. ಮೂಸಿಯಾಗಿಂದ ಲೋಹಾ ಹೊರಗ ಬಂತು, ನನ್ನ ಮಗಳು ನಿನ್ನಾಕಿ. ಬರಲಿಲ್ಲ, ನೀ ಗಾಡಿ ಹತ್ತಿ ಔರಂಗಾಬಾದ. ನಾ ಸಿಲ್ಲೋಡದ ಶಿವರಾಯಗ ಹೂಂ ಅಂತೀನಿ."

"ಮಿತ್ರಪಂಚಕ ಅಂದ್ರೆ ಎಂತದು?" ಅಂತ ಕೇಳಿದರು ರತ್ನಾಕರ ರಾಯರು.

"ಸತ್ತ ಲೋಹಾನ ಎಬ್ಬಿಸೋ ಐದು ಗೆಣ್ಯಾರು. ತುಪ್ಪ, ಜೇನು, ಬೆಲ್ಲ, ಗುಲಗಂಜಿ, ಬಂಗಾರ ಬೆಸಿಲಿಕ್ಕ ಹಾಕೋ ಬಿಳಿಗಾರ."

"ಗುಲಗಂಜಿ, ಬಿಳಿಗಾರ ಬಿಟ್ಟು ಎಳ್ಳು, ಏಲಕ್ಕಿ ಹಾಕಿದ್ರೆ ಪಂಚಕಜ್ಜಾಯ ಆಗ್ತದಲ್ಲ ಮಾರಾಯ್ರೆ," ಅಂದರು ರತ್ನಾಕರ ರಾಯರು.

ಸಿಲ್ಲೋಡದ ಶಿವರಾಯ ಅಂದ್ರೆ ಹತ್ತಿ ವ್ಯಾಪಾರಿ. ವಿಶ್ವನಾಥಪ್ಪನವರದು ಬಹಳ ದಿನದಿಂದ ಕುದೀತಿದ್ದ ಮಹಾ ಯೋಜನೆ. ಸಿಲ್ಲೋಡದ ಸಂತೆಗೆ ಸುತ್ತಿನ ಎಲ್ಲ ಹಳ್ಳಿಯವರೂ ಹತ್ತಿ, ಜೋಳ ಹೇರಿಕೊಂಡು ಬರ್ತಾರೆ. ಅಳಿಯನ ಅಡತಿ ಅಂಗಡಿಯ ಮೂಲೆಯಲ್ಲಿ ಮಾವನ ಒಂದು ಕಪಾಟು. ಮುಂದೆ ಮಗಳು, ಹಿಂದೆ ಭಸ್ಮ. ನಾಸಿಕ ಗೆದ್ದಾಯ್ತು, ಇನ್ನು ಸಿಲ್ಲೋಡ, ಆಮೇಲೆ ಇಡೀ ಮರಾಠವಾಡಾದ ರಕ್ತ ಕೆಂಪು ಮಾಡೋದು. ಶಿವರಾಯನನ್ನು ಸುಗುಣಾ ಒಮ್ಮೆ ನೋಡಿದ್ದಳು. ಮಾತು ಮಾತಿಗೆ ಹತ್ತಿ ಹಿಂಜಿದಂಗೆ ಹಿಂಜುತಾನೆ ಅಂತ ಅತ್ತೆಯ ಹತ್ತಿರ ಅತ್ತಿದ್ದಳು.

ವೈಜನಾಥ ಔರಂಗಾಬಾದಿಗೆ ವಾಪಸು ಹೋಗೋ ಗಾಡಿಯಲ್ಲಿ ಕೂತು ಲೆಕ್ಕ ಹಾಕಿದ. ವೈದ್ಯರ ಐದು ಗೆಳೆಯರಲ್ಲಿ ತುಪ್ಪ, ಜೇನು, ಬೆಲ್ಲ ಉರಿದರೆ ಇದ್ದಿಲೇ ಆಗೋದು. ಅಂದ್ರೆ ಅವರ ಮಿತ್ರರೂ ತನ್ನ ಏಜೆಂಟರೂ ಒಂದೇ ಊರಿನವರು! ಭಾರೀ ಖುಷಿಯಾಯ್ತು. ಆದರೆ ತಾಮ್ರವಾದ್ರೆ ಇಷ್ಟಕ್ಕೇ ಎದ್ದು ಬರುತ್ತೆ, ಕಬ್ಬಿಣ ಬಲು ಸೋಮಾರಿ. ಬೆಳ್ಳಿ ಬಂಗಾರ ಕಾಯಿಸೋ ಪತ್ತಾರರ ಒಲೆಯ ಕಾವಿಗೆ ಮಗ್ಗುಲೂ ಬದಲಿಸೋದಿಲ್ಲ. ಅದಕ್ಕೆ ಬೇರೆ ಏಜೆಂಟೇ ಬೇಕು. ಅಲ್ಯೂಮಿನಿಯಂ.

ಇಗತಪುರಿ ಕಡೆ ರೈಲ್ವೆಯವರು ಹಳಿಗೆ ಹಳಿ ಬೆಸೆಯೋದನ್ನ ಅವನು ಒಮ್ಮೆ ಕಣ್ಣಾರೆ ನೋಡಿದ್ದ. ಕಬ್ಬಿಣದ ಆಕ್ಸೈಡಿಗೆ ಅಲ್ಯೂಮಿನಿಯಂ ಪುಡಿ ಬೆರೆಸಿ ಕಿಡಿ ತಾಗಿಸಿದರು. ಹೊರಗೆ ಧೋ ಅಂತ ಸುರಿಯೋ ಮಳೆ, ತಗಡಿನ ಕೆಳಗೆ ಸೂರ್ಯ ಹುಟ್ಟಿದಂಥ ಬೆಳಕು! ಆಮ್ಲಜನಕ ಕಬ್ಬಿಣದ ಕೈ ಬಿಟ್ಟು ಅಲ್ಯೂಮಿನಿಯಂ ಕೊರಳಿಗೆ ಬಿದ್ದಿತ್ತು. ಕಬ್ಬಿಣ ಕರಗಿ, ಹಾಲಿನಂಗೆ ಹರಿದು ಹಳಿಯ ಸಂದಿಯಲ್ಲಿ ಕೂತಿತ್ತು. ಗ್ಯಾಂಗಿನವರು ಏನೂ ಆಗದವರಂಗೆ ಬೀಡಿ ಹಚ್ಚಿದ್ದರು. ವೈಜನಾಥ ಮಾತ್ರ ಮಳೆಯಲ್ಲಿ ನೆನೆಯುತ್ತಾ ಚಪ್ಪಾಳೆ ತಟ್ಟಿದ್ದ.

ಒಂದು ಚಿಟಿಕೆ ಸಾಕು. ಭಸ್ಮದ ಮೋಕ್ಷ ಮುಗಿದೇ ಹೋಯ್ತು.

ಭಾನುವಾರ ಬಂತು. ಹೋಟೆಲಿನ ಹಿತ್ತಲಲ್ಲಿ ಪತ್ತಾರರಿಂದ ಎರವಲು ತಂದ ಅಗ್ಗಿಷ್ಟಿಕೆ, ಲೋಹ ಕರಗಿಸೋ ಮಣ್ಣಿನ ಮೂಸೆ, ಗಾಳಿ ಊದೋ ತಿದಿ. ಸುತ್ತ ಕಬ್ಬಿಣದ ಕುರ್ಚಿ ಹಾಕಿ ಕನ್ನಡ ಸಂಘದವರೆಲ್ಲ ಕೂತಿದ್ದರು. ರತ್ನಾಕರ ರಾಯರ ಹೆಂಡತಿ ವಾರಿಜಾಕ್ಷಿ ಮದುವೆಗೆ ಉಡೋ ಯೇವಲಾ ಪೈಠಣಿ ಸೀರೆ ಉಟ್ಟು ಬಂದರು.

"ಭಸ್ಮ ಸುಡೋದಕ್ಕೆ ಪೈಠಣಿ ಯಾಕೆ?" ಅಂತ ಗಂಡ ಕೇಳಿದರೆ, "ಒಂದು ವೇಳೆ ಮದುವೆ ನಿಶ್ಚಯ ಆದ್ರೆ? ಮತ್ತೆ ಮನೆಗೆ ಹೋಗಿ ಉಟ್ಕೊಂಡು ಬರ್ಲಿಕ್ಕೆ ಆಗ್ತದಾ?" ಅಂದರು.

ಸುಗುಣಾ ಬಾವಿಕಟ್ಟೆಯ ಹತ್ತಿರ ಬೆಲ್ಲ ಕುಟ್ಟುತ್ತಿದ್ದಳು. ವೈಜನಾಥ ನೀರು ಕುಡಿಯೋ ನೆಪ ಮಾಡಿ ಹೋದ.

"ಕಿಸೇದಾಗ ಏನದ್ರಿ, ಅಷ್ಟ ಉಬ್ಬ್ಯಾದ?"

"ನಮ್ಮ ಲಗ್ನ," ಅಂತ ಪೊಟ್ಟಣ ತೋರಿಸಿದ. "ಅಲ್ಯೂಮಿನಿಯಂ ಪುಡಿ. ಮ್ಯಾಲ ಮೆಗ್ನೀಷಿಯಂ ಪಟ್ಟಿ. ಒಮ್ಮಿ ಹತ್ತಿಕೊಂತು ಅಂದ್ರ ನಿಮ್ಮ ಅಪ್ಪಾರ ಭಸ್ಮಾ ಕುಣಕೋತ ಏಳ್ತದ."

"ಎದ್ದ ಮ್ಯಾಲ?"

"ಎದ್ದ ಮ್ಯಾಲ ಲಗ್ನ!"

"ಲಗ್ನದಾಗ ಅಪ್ಪಾ ಮಾರಿ ಎಲ್ಲಿ ಇಟ್ಕೋಬೇಕು?" ಸುಗುಣಾ ಕುಟ್ಟೋದು ನಿಲ್ಲಿಸಿದಳು. "ಲೋಹಾ ಎದ್ರ ಭಸ್ಮ ಕಚ್ಚಾ ಅಂತಾರ ಮಂದಿ. ಅಲ್ಯೂಮಿನಿಯಂ ಅಂತ ಯಾರ್ ಕೇಳ್ತಾರ? ವೈದ್ಯರ ಭಸ್ಮಾ ಕಚ್ಚಾ, ಇಷ್ಟs ನೆನಪಿಡ್ತಾರ. ನಾಳಿಂದ ಅಂಗಡಿ ಕದಾ ಯಾರ ಸಲವಾಗಿ ತಗೀಬೇಕು? ಭಸ್ಮಾ ಎದ್ರ ಅಪ್ಪಾ ಮಲಗ್ತಾರ."

ವೈಜನಾಥನಿಗೆ ಇದು ಹೊಳೆದೇ ಇರಲಿಲ್ಲ. ತನಗೆ ಪಾಸು ಅನ್ನೋದು ಮಾವನಿಗೆ ನಪಾಸು. "ಹಂಗಾರ ನಾ ಸೋಲಬೇಕೇನು?"

"ಸೋಲ್ರಿ."

"ಸೋತ್ರ ಸಿಲ್ಲೋಡ..."

"ಸಿಲ್ಲೋಡದ ಚಿಂತಿ ನನಗ ಬಿಡ್ರಿ. ಪುಡಿ ಕೊಡ್ರಿ ಇಲ್ಲಿ." ಬೆಲ್ಲ ಮೆತ್ತಿದ ಅಂಗೈ ಚಾಚಿದಳು.

ವೈಜನಾಥ ಪೊಟ್ಟಣ ನೋಡಿದ, ಅಂಗೈ ನೋಡಿದ. ಕಬ್ಬಿಣ ಬಿಟ್ಟು ಹೋಗೋ ಗಳಿಗೆಯಲ್ಲಿ ಆಮ್ಲಜನಕಕ್ಕೆ ಹೇಗಾಗುತ್ತೆ ಅಂತ ಅವನಿಗೆ ಆಗ ಅರ್ಥವಾಯ್ತು. ಯಾವ ಪುಸ್ತಕದಲ್ಲೂ ಅದನ್ನ ಬರೆದಿರಲಿಲ್ಲ. ಪೊಟ್ಟಣ ಕೊಟ್ಟ. ಅವಳು ಅದನ್ನ ಸೆರಗಿನ ತುದಿಗೆ ಗಂಟು ಹಾಕಿದಳು.

ಪರೀಕ್ಷೆ ಶುರುವಾಯ್ತು. ವಿಶ್ವನಾಥಪ್ಪನವರು ಲಿಂಗಪೂಜೆ ಮಾಡಿದಷ್ಟು ಭಕ್ತಿಯಿಂದ ಮೂಸೆಗೆ ಭಸ್ಮ ಸುರಿದರು. ಮೇಲೆ ಒಬ್ಬೊಬ್ಬರಾಗಿ ಐದೂ ಗೆಳೆಯರು ಇಳಿದರು. ತಿದಿಗೆ ಕೈ ಹಾಕಬೇಕು, ಅಷ್ಟರಲ್ಲಿ ಸುಗುಣಾ, "ಅಪ್ಪಾ, ಪರೀಕ್ಷಾ ಅರ್ಧಾನೇ ಆತು. ಬೆಳ್ಳಿ ಎಲ್ಲಿ?" ಅಂದಳು.

ವಿಶ್ವನಾಥಪ್ಪನವರ ಮುಖ ದೀಪ ಹಚ್ಚಿದಂಗಾಯ್ತು. ಸಭೆಗೆ ತಿರುಗಿ, "ಕೇಳ್ರಿ! ನನ್ನ ಮಗಳು! ಎರಡನೇ ಪರೀಕ್ಷಾ ಅದ, ನಾನs ಮರತಿದ್ದೆ. ಭಸ್ಮದ ಜೋಡಿ ಒಂದ್ ಚೂರು ಬೆಳ್ಳಿ ಕರಗಸಬೇಕು. ಭಸ್ಮದಾಗ ಕಚ್ಚಾ ಲೋಹಾ ಉಳಿದಿದ್ರ ಅದು ಹೋಗಿ ಬೆಳ್ಳಿಗಿ ಹತ್ತಕೊಂತದ, ಬೆಳ್ಳಿ ತೂಕ ಹೆಚ್ಚತದ. ತೂಕ ಇದ್ದಷ್ಟs ಇದ್ರ, ಭಸ್ಮಾ ಅಪ್ಪಟ!" ಅಂದರು.

ಸುಗುಣಾ ಕಾಲ್ಗೆಜ್ಜೆಯಿಂದ ಒಂದು ಬೆಳ್ಳಿ ಗುಂಡು ಬಿಡಿಸಿ ಕೊಟ್ಟಳು. ಔಷಧಿ ತಕ್ಕಡಿಯಲ್ಲಿ ಗುಲಗಂಜಿ ಇಟ್ಟು ತೂಗಿದರು. ಗುಂಡು ಮೂಸೆಗೆ ಬಿತ್ತು.

ವೈಜನಾಥ ತಿದಿ ಒತ್ತಿದ. ಸೋಲಲೇಬೇಕು ಅಂತ ಗೊತ್ತಿದ್ದೂ ಯಾವ ಗಂಡಸೂ ಇಷ್ಟು ಹುರುಪಿನಿಂದ ಊದಿರಲಿಕ್ಕಿಲ್ಲ. ತುಪ್ಪ ಚಟಪಟ ಅಂತು, ಬೆಲ್ಲ ಹೊಗೆಯಾಯ್ತು, ಪಾಕದ ಘಮ ಬಂದು ಅದರ ಹಿಂದೆಯೇ ಸುಟ್ಟ ವಾಸನೆ ಬಂತು. ನಾಸಿಕದ ಎಲ್ಲ ನಾಸಿಕಗಳೂ ಸೆರಗು, ಕರವಸ್ತ್ರದೊಳಗೆ ಹೋದವು. ರತ್ನಾಕರ ರಾಯರು, "ಹೋಟೆಲಿಗೆ ಬಂದ ಗಿರಾಕಿಗಳು ಮೈಸೂರುಪಾಕು ಕೇಳ್ತಿದ್ದಾರೆ ಮಾರಾಯ್ರೆ, ಎಂತ ಹೇಳೋದು?" ಅಂದರು. ಮೂಸೆ ಕೆಂಡವಾಗಿ, ಕೆಂಡ ಹಳದಿಯಾಗಿ, ಒಳಗೆಲ್ಲ ನೀರಾಯ್ತು. ಚಿಮಟದಿಂದ ಹಿಡಿದು ಕಲ್ಲಿನ ಮೇಲೆ ಸುರಿದರು.

ಎಲ್ಲರೂ ಬಗ್ಗಿದರು. ಬಿಳಿಗಾರ ಭಸ್ಮವನ್ನೆಲ್ಲ ನುಂಗಿ ಹಸಿರುಗಪ್ಪು ಗಾಜಾಗಿತ್ತು. ಕಬ್ಬಿಣದ ಸುಳಿವಿಲ್ಲ. ಗಾಜು ಒಡೆದರೆ ನಡುವೆ ಒಂದು ಬಿಳಿ ಮಣಿ, ಪುಟ್ಟ ಚಂದ್ರನಂಗೆ. ತೊಳೆದು ತೂಗಿದರು. ಇದ್ದಷ್ಟೇ ತೂಕ.

ಬೆಳ್ಳಿಗೂ ಕಬ್ಬಿಣಕ್ಕೂ ಎಣ್ಣೆ ನೀರಿನ ಸಂಬಂಧ, ಎರಡನ್ನೂ ಕರಗಿಸಿ ಒಂದೇ ಪಾತ್ರೆಗೆ ಹಾಕಿದರೂ ಸೇರೋದಿಲ್ಲ, ತೂಕ ಹೆಚ್ಚೋ ಮಾತೇ ಇಲ್ಲ ಅನ್ನೋದು ವೈಜನಾಥನಿಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಒಂದೇ ವಾರದಲ್ಲಿ ಅವನಿಗೆ ಅಷ್ಟಾದರೂ ಬುದ್ಧಿ ಬಂದಿತ್ತು.

"ಕೂದಲಷ್ಟೂ ಹೆಚ್ಚಿಲ್ಲ!" ವಿಶ್ವನಾಥಪ್ಪನವರು ರುಮಾಲು ತೆಗೆದು ಮೇಲಕ್ಕೆಸೆದರು. ಸಂಘ ಚಪ್ಪಾಳೆ ತಟ್ಟಿತು. ಮೂರು ಜನ ಅಲ್ಲೇ ಬಾಟ್ಲಿ ಬೇಕು ಅಂದರು. ವೈದ್ಯರು ಖುಷಿಯಲ್ಲಿ ವೈಜನಾಥನನ್ನೇ ತಬ್ಬಿಕೊಂಡರು. "ಸೋತ್ರೂ ಭಾಳ ಚೊಲೋ ಊದ್ದಿ ತಮ್ಮಾ! ಮನಸಿನಾಗ ಏನೂ ಇಟ್ಕೋಬ್ಯಾಡ. ಚಹಾ ಕುಡದು ಹೋಗು, ಗಾಡಿಗಿನ್ನಾ ವ್ಯಾಳ್ಯಾ ಅದ."

ವೈಜನಾಥ ಸುಗುಣಾಳ ಕಡೆ ನೋಡಿದ. ಅವಳು ಅವನ ಕಡೆ ನೋಡಲಿಲ್ಲ. ಕಲ್ಲಿನ ಮೇಲಿನ ಮಣಿ ಎತ್ತಿ ರತ್ನಾಕರ ರಾಯರ ಅಂಗೈಯಲ್ಲಿ ಇಟ್ಟಳು.

"ಕಾಕಾ, ನೀವು ಸಾಕ್ಷಿ ಅಲ್ಲರಿ? ಅಪ್ಪಾ ಪಣಾ ಏನ ಕಟ್ಟಿದ್ರು, ಒಮ್ಮಿ ಹೇಳ್ರಿ."

"ಮೂಸೆಯಿಂದ ಲೋಹ ಹೊರಗೆ ಬಂದ್ರೆ ಮಗಳು ನಿನ್ನವಳು ಅಂತ."

"ನಿಮ್ಮ ಕೈಯಾಗ ಇದ್ದದ್ದು ಏನ್ರಿ?"

"ಬೆಳ್ಳಿ."

"ಎಲ್ಲಿಂದ ಬಂತು?"

"ಮೂಸೆಯಿಂದ." ರತ್ನಾಕರ ರಾಯರು ಮಣಿ ನೋಡಿದರು. ಆಮೇಲೆ ಅವರ ಕಣ್ಣು ಇಡ್ಲಿಯಷ್ಟು ಅಗಲವಾಯ್ತು. "ಅಯ್ಯೋ ದೇವರೇ! ಬೆಳ್ಳಿ ಲೋಹ ಅಲ್ವಾ!"

ಹಿತ್ತಲಿನ ಕುರ್ಚಿಗಳೆಲ್ಲ ಕರಕರ ಅಂತ ಮಣಿಯ ಕಡೆ ಸರಿದವು.

"ಏನ್ ಲೋಹಾ?" ವಿಶ್ವನಾಥಪ್ಪನವರು ಸಿಡಿದರು. "ಲೋಹಾ ಅಂದ್ರ ಕಬ್ಬಣ! ಈ ಓಣ್ಯಾಗ ಯಾರನ್ನ ಬೇಕಾದ್ರೂ ಕೇಳ್ರಿ, ಲೋಹಾ ಅಂದ್ರ ಕಬ್ಬಣ ಅಂತಾರ!"

"ಹಿಂದಿಯಲ್ಲಿ ಹೌದು," ಅಂದರು ರತ್ನಾಕರ ರಾಯರು, ಅಧ್ಯಕ್ಷರ ದನಿಯಲ್ಲಿ. "ನೀವು ಪಣ ಕಟ್ಟಿದ್ದು ಕನ್ನಡದಲ್ಲಿ. ನಮ್ಮ ಉಡುಪಿ ಶಾಲೆಯಲ್ಲಿ ಲೋಹಗಳು ಯಾವುವು ಅಂತ ಕೇಳಿದ್ರೆ ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ ಅಂತ ಹೇಳ್ಬೇಕಿತ್ತು. ಬೆಳ್ಳಿ ಬಿಟ್ರೆ ಮೇಷ್ಟ್ರು ಕಿವಿ ಹಿಂಡ್ತಿದ್ರು."

"ಅಲ್ರೀ, ಬೆಳ್ಳಿ ಹಾಕಿದವರs ನಾವು! ಹಾಕಿದ್ದು ಬಂತು!"

"ಹಾಕಿದ್ದು ಬರಬಾರದು ಅಂತ ಎಲ್ಲಿ ಉಂಟು? ಭಸ್ಮದಿಂದ ಬಂದ್ರೆ ಅಂತ ನೀವು ಹೇಳ್ಲಿಲ್ಲ. ಮೂಸೆಯಿಂದ ಅಂದ್ರಿ. ನಾನೇ ಸಾಕ್ಷಿ, ನೀವೇ ಮಾಡಿದ್ದು."

"ಹೌದು, ಹೌದು, ಮೂಸೆ ಅಂದ್ರು ಅಂತ ಇವರು ನಂಗೂ ಹೇಳಿದ್ರು," ಅಂತ ವಾರಿಜಾಕ್ಷಿ ಪೈಠಣಿ ಸರಿಮಾಡಿಕೊಂಡರು.

ಸುಗುಣಾ ತಂದೆಯ ಹತ್ತಿರ ಬಂದು ಮೆಲ್ಲಗೆ ಅಂದಳು, "ಅಪ್ಪಾ, ಲೋಹಕ್ಕ ಲೋಹಾ ಕೂಡತದ, ಅದಕ್ಕs ಬೆಳ್ಳಿ ಹಾಕೂದು ಅಂತ ನೀವs ಕಲಿಸೀರಿ. ಬೆಳ್ಳಿ ಲೋಹಾ ಅಲ್ಲ ಅಂತೀರೇನು? ಅನ್ರಿ. ಆದ್ರ ಆಗ ಈ ಪರೀಕ್ಷಾನೂ ಸುಳ್ಳಾತು. ಭಸ್ಮಾ ಅಪ್ಪಟ ಅಂತ ಯಾರೂ ಒಪ್ಪೂದಿಲ್ಲ."

ವಿಶ್ವನಾಥಪ್ಪನವರು ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ಒಂದು ಕಡೆ ಬಾಟ್ಲಿಗೆ ಕೈ ಚಾಚಿ ನಿಂತ ಮೂರು ಗಿರಾಕಿಗಳು, ಇನ್ನೊಂದು ಕಡೆ ತಿದಿ ಹಿಡಕೊಂಡು ಮುಖವೆಲ್ಲ ಮಸಿಯಾಗಿ ನಿಂತ ಹುಡುಗ. ಬೆಳ್ಳಿ ಲೋಹ ಅಲ್ಲ ಅಂದ್ರೆ ಭಸ್ಮ ಹೋಯ್ತು. ಲೋಹ ಅಂದ್ರೆ ಮಗಳು ಹೋದಳು, ಅವಳ ಹಿಂದೆ ಸಿಲ್ಲೋಡದ ಕಪಾಟು ಹೋಯ್ತು, ಇಡೀ ಮರಾಠವಾಡಾ ಹೋಯ್ತು. ಅವರು ಮಗಳ ಮುಖ ನೋಡಿದರು. ಅವಳ ಕಣ್ಣಲ್ಲಿ ನಗು ಕುದಿಯುತ್ತಿತ್ತು, ಜೊತೆಗೇ ಸ್ವಲ್ಪ ನೀರೂ ಇತ್ತು. ನೋಡಿದ ಮೇಲೆ ಅವರ ಹೊಟ್ಟೆ ಒಂದು ಸಲ ಅಲ್ಲಾಡಿತು, ಇನ್ನೊಂದು ಸಲ ಅಲ್ಲಾಡಿತು. ಆಮೇಲೆ ಅವರು ನಕ್ಕ ನಗೆಗೆ ಅಗ್ಗಿಷ್ಟಿಕೆಯ ಬೂದಿ ಹಾರಿತು.

"ಕೊಡ್ರಿ ಅವರಿಗಿ ಬಾಟ್ಲಿ," ಅಂದರು ಗಿರಾಕಿಗಳ ಕಡೆ ಕೈ ಮಾಡಿ. ಆಮೇಲೆ ಕಣ್ಣೊರೆಸಿಕೊಂಡು, "ಅಲ್ಲವ್ವಾ, ಶಿವರಾಯಗ ತಂತಿ ಕೊಡಬೇಕಲ್ಲ. ಏನಂತ ಬರೀಲಿ?"

"ಭಾಳ ಬರೀಬ್ಯಾಡ್ರಿ ಅಪ್ಪಾ," ಅಂದಳು ಸುಗುಣಾ. "ಬೆಳ್ಳಿನೂ ಲೋಹ. ಇಷ್ಟs ಸಾಕು."